ಗಣಕಯಂತ್ರದ ದಫ್ತರ: ಅದು ಕೆಡುವ ಬಗೆ, ಸರಿಪಡಿಸುವ ಬಗೆ

ಈ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಗಣಿತದ ಅಧ್ಯಾಪಕನಾದ ನಾನು ಶೂನ್ಯದ ಚರಿತ್ರೆಯನ್ನೋ ಭಾಸ್ಕರಾಚಾರ್ಯನ ಲೀಲಾವತಿಯನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆದರೆ ಈ ಸಂಪುಟದ ಕೊನೆಯ ಪುಟಗಳಲ್ಲಿ ಅಚ್ಚಾಗಿರುವ ಹಳೆಯ ಛಾಯಾಚಿತ್ರಗಳಲ್ಲಿ ಬಹುಪಾಲು ಒಮ್ಮೆ ನಮ್ಮ ಕೈತಪ್ಪಿ ಹೋಗಿದ್ದವೆಂಬ ಸಂಗತಿ ಓದುಗರಲ್ಲಿ ಕೆಲವರಿಗೆ ಮಾತ್ರ ತಿಳಿದಿದೆ. ಅವು ಹೇಗೆ ಹೋದವು, ಹೇಗೆ ಮರಳಿ ಬಂದವು ಎಂಬುದನ್ನು ವಿವರಿಸುವುದು ಇಂದು ಹೆಚ್ಚು ಉಪಯುಕ್ತವೆಂದು ನನಗೆ ತೋರಿತು. ಕಾರಣವಿಷ್ಟೆ: ದಾಖಲಾತಿ, ಅಂಕಪಟ್ಟಿ, ವರ್ಗಾವಣೆ ಪತ್ರ, ದಾನಿಗಳ ಪಟ್ಟಿ ಎಲ್ಲವೂ ಈಗ ಕಪಾಟಿನಿಂದ ಇಳಿದು ಗಣಕಯಂತ್ರದ ಡಿಸ್ಕನ್ನು ಸೇರಿವೆ. ಕಪಾಟಿಗೆ ಗೆದ್ದಲು ಹಿಡಿದರೆ ಏನು ಮಾಡಬೇಕೆಂದು ನಮ್ಮ ಹಿರಿಯ ಗುಮಾಸ್ತರು ಬಲ್ಲರು. ಡಿಸ್ಕಿನ ದಫ್ತರ ಕೆಟ್ಟರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಬಲ್ಲವರು ವಿರಳ. ನಾನೂ ಬಲ್ಲವನಾಗಿರಲಿಲ್ಲ.

2022ನೆಯ ಇಸವಿಯ ಮಳೆಗಾಲವನ್ನು ಬೆಂಗಳೂರಿನವರು ಮರೆಯಲಾರರು. ಆ ವರ್ಷದ ಸೆಪ್ಟೆಂಬರಿನ ಒಂದು ಸಂಜೆ ಜೆ.ಪಿ. ನಗರದ ನಮ್ಮ ಮನೆಯಲ್ಲಿ ಕುಳಿತು, ಹಳೆಯ ವಿದ್ಯಾರ್ಥಿಗಳಿಂದ ಎರವಲು ತಂದ ಚಿತ್ರಗಳ ನಕಲನ್ನು ಗಣಕಯಂತ್ರಕ್ಕೆ ತುಂಬಿಸುತ್ತಿದ್ದೆನು. ಮೂಲಚಿತ್ರಗಳನ್ನು ಅವರವರಿಗೆ ಅಂದಂದೇ ಹಿಂದಿರುಗಿಸುವುದು ನಾವು ಪಾಲಿಸಿದ ನಿಯಮ. ಆದುದರಿಂದ ಒಂದು ವರ್ಷದ ಸಂಗ್ರಹ, ಮೂರು ಸಾವಿರಕ್ಕೂ ಮಿಕ್ಕ ಚಿತ್ರಗಳು, ಆ ಒಂದೇ ಡಿಸ್ಕಿನಲ್ಲಿ ಇದ್ದವು. ವಿದ್ಯುತ್ತು ಹೋಯಿತು. ಯುಪಿಎಸ್‌ನ ಬ್ಯಾಟರಿ ನಿತ್ರಾಣವಾಗಿ ತಿಂಗಳುಗಳೇ ಆಗಿದ್ದವು; ಬದಲಾಯಿಸಬೇಕೆಂದು ಮನೆಯಾಕೆ ಹೇಳುತ್ತಲೇ ಇದ್ದಳು. ದೀಪ ಮರಳಿ ಬಂದಾಗ ಯಂತ್ರವು ಎಂದಿನ ಪರದೆಯನ್ನು ತೋರದೆ, ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳಿಂದ ಒಂದು ವಾಕ್ಯವನ್ನು ಮೂಡಿಸಿತು. ಅನಿರೀಕ್ಷಿತ ಅಸಂಗತಿ ಕಂಡುಬಂದಿದೆ, ಎಫ್‌ಎಸ್‌ಸಿಕೆಯನ್ನು ನೀವೇ ಕೈಯಾರೆ ನಡೆಸತಕ್ಕದ್ದು ಎಂಬುದು ಅದರ ಭಾವಾರ್ಥ.

ಮರುದಿನ ವಿಚಾರಿಸಿದ ಅಂಗಡಿಯವರೊಬ್ಬರು, "ಫಾರ್ಮ್ಯಾಟ್ ಮಾಡಿಕೊಡುತ್ತೇವೆ ಸಾರ್, ಹೊಸದರ ಹಾಗೆ ಆಗುತ್ತದೆ" ಎಂದರು. ಹೊಸದರ ಹಾಗೆ ಆಗುವುದೆಂದರೆ ಹಳೆಯದು ಏನೂ ಉಳಿಯದಿರುವುದು ಎಂಬ ಅರ್ಥ ನನಗೆ ಹೊಳೆಯಲು ಕ್ಷಣಕಾಲ ಹಿಡಿಯಿತು.

ಎಫ್‌ಎಸ್‌ಸಿಕೆ ಎಂದರೇನು? 'ಫೈಲ್ ಸಿಸ್ಟಮ್ ಚೆಕ್' ಎಂಬುದರ ಸಂಕ್ಷೇಪವದು. ಚಿತ್ರಗಳಿಲ್ಲ, ಗುಂಡಿಗಳಿಲ್ಲ, ಆಜ್ಞೆಯನ್ನು ಅಕ್ಷರಗಳಲ್ಲಿ ಟೈಪು ಮಾಡಿ ಎಂಟರ್ ಒತ್ತಿದರೆ ಕೆಲಸ ಮಾಡುವ ಪುಟ್ಟ ಸಲಕರಣೆ. ಅದು ಪರಿಶೀಲಿಸುವುದು ನಿಮ್ಮ ಪತ್ರ, ಚಿತ್ರ, ಲೆಕ್ಕಗಳನ್ನಲ್ಲ. ಅವು ಎಲ್ಲೆಲ್ಲಿ ಇವೆ ಎಂದು ಬರೆದಿಟ್ಟಿರುವ ದಫ್ತರವನ್ನು. ಈ ಭೇದವು ತಿಳಿಯದೆ ಮುಂದಿನದು ತಿಳಿಯಲಾರದು.

ನಮ್ಮ ಓದುಗರಿಗೆ ಪರಿಚಿತವಾದ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಡಿಸ್ಕೆಂಬುದು ಒಂದು ವಿಶಾಲವಾದ ವಿದ್ಯಾರ್ಥಿನಿಲಯ. ಅದರಲ್ಲಿ ಸಮಾನ ಅಳತೆಯ ಮಂಚಗಳಿವೆ. ಅವಕ್ಕೆ ಬ್ಲಾಕ್ ಎಂದು ಹೆಸರು. ಸಾಮಾನ್ಯವಾಗಿ ಒಂದೊಂದು ಬ್ಲಾಕಿನಲ್ಲಿ 4096 ಅಕ್ಷರಾಂಶಗಳು, ಅಂದರೆ ಬೈಟುಗಳು, ಹಿಡಿಯುತ್ತವೆ. ನನ್ನ 500 ಗಿಗಾಬೈಟಿನ ಡಿಸ್ಕಿನಲ್ಲಿ ಇಂಥ ಮಂಚಗಳು ಸುಮಾರು 12 ಕೋಟಿ. ದೊಡ್ಡ ಕಡತವೊಂದಕ್ಕೆ ಸಾವಿರಾರು ಮಂಚಗಳು ಬೇಕಾಗುತ್ತವೆ, ಅವು ಒಂದೇ ಸಾಲಿನಲ್ಲಿ ಇರಬೇಕೆಂದೇನೂ ಇಲ್ಲ. ಯಾವ ಕಡತಕ್ಕೆ ಯಾವ ಮಂಚಗಳು ಎಂಬುದನ್ನು ಬರೆದಿಡುವುದು ದಾಖಲಾತಿ ರಿಜಿಸ್ಟರು. ಲಿನಕ್ಸ್ ಮತ್ತು ಯುನಿಕ್ಸ್ ಪರಂಪರೆಯಲ್ಲಿ ಈ ರಿಜಿಸ್ಟರಿನ ಒಂದೊಂದು ನಮೂದಿಗೂ ಐನೋಡ್ ಎಂದು ಹೆಸರು. ಅದರಲ್ಲಿ ಕ್ರಮಸಂಖ್ಯೆ, ಗಾತ್ರ, ದಿನಾಂಕಗಳು, ಒಡೆಯ, ಮಂಚಗಳ ವಿವರ ಎಲ್ಲವೂ ಇರುತ್ತವೆ. ಇಲ್ಲದಿರುವುದು ಒಂದೇ: ಹೆಸರು.

ಇದು ವಿಚಿತ್ರವಾಗಿ ತೋರಬಹುದು. ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಹೆಸರೇ ಮೊದಲು. ಆದರೆ ಗಣಕಯಂತ್ರದಲ್ಲಿ ಹೆಸರಿರುವುದು ಇನ್ನೊಂದು ಪುಸ್ತಕದಲ್ಲಿ, ತರಗತಿಯ ಹಾಜರಿ ಪುಸ್ತಕದಂಥ ಡೈರೆಕ್ಟರಿಯಲ್ಲಿ. ಡೈರೆಕ್ಟರಿಯೆಂದರೆ ಹೆಸರು ಮತ್ತು ದಾಖಲಾತಿ ಸಂಖ್ಯೆ ಇವೆರಡರ ಪಟ್ಟಿ, ಅಷ್ಟೇ. ಹಾಜರಿ ಪುಸ್ತಕದೊಳಗೆ ಇನ್ನೊಂದು ಹಾಜರಿ ಪುಸ್ತಕದ ಸಂಖ್ಯೆಯೂ ಇರಬಹುದು. ಡೈರೆಕ್ಟರಿಯೊಳಗೆ ಡೈರೆಕ್ಟರಿ ಎಂದರೆ ಅದೇ. ಎಲ್ಲಕ್ಕೂ ಮೂಲವಾದ ಡೈರೆಕ್ಟರಿಯ ಸಂಖ್ಯೆ ಯಾವಾಗಲೂ 2. ಮುಖ್ಯೋಪಾಧ್ಯಾಯರ ಕೊಠಡಿಯಿಂದ ಹೊರಟು ಪ್ರತಿಯೊಂದು ತರಗತಿಯನ್ನೂ ತಲುಪಬಹುದಾದಂತೆ, ಈ ಎರಡನೆಯ ಸಂಖ್ಯೆಯಿಂದ ಹೊರಟು ಪ್ರತಿಯೊಂದು ಕಡತವನ್ನೂ ತಲುಪುವಂತಿರಬೇಕು.

ಇವಲ್ಲದೆ ಖಾಲಿ ಮಂಚಗಳ ಪಟ್ಟಿಯೊಂದು ಮೇಲ್ವಿಚಾರಕರ ಬಳಿ ಇರುತ್ತದೆ. ಇಡೀ ಕಟ್ಟಡದ ನಕ್ಷೆ, ಒಟ್ಟು ಮಂಚಗಳೆಷ್ಟು, ಅಳತೆಯೆಷ್ಟು, ರಿಜಿಸ್ಟರು ಎಲ್ಲಿದೆ ಎಂಬ ವಿವರಗಳು ಸೂಪರ್‌ಬ್ಲಾಕ್ ಎಂಬ ಪತ್ರದಲ್ಲಿ ಇರುತ್ತವೆ. ನಕ್ಷೆಯೇ ಹರಿದುಹೋದರೆ ಕಟ್ಟಡವಿದ್ದೂ ಇಲ್ಲದಂತೆ. ಅದಕ್ಕಾಗಿ ಅದರ ಪ್ರತಿಗಳನ್ನು ಡಿಸ್ಕಿನ ಬೇರೆಬೇರೆ ಎಡೆಗಳಲ್ಲಿ ಅಡಗಿಸಿಟ್ಟಿರುತ್ತಾರೆ. 4096 ಬೈಟಿನ ಬ್ಲಾಕುಗಳಿರುವಲ್ಲಿ ಮೊದಲ ಪ್ರತಿಯು 32768ನೆಯ ಬ್ಲಾಕಿನಲ್ಲಿ, ಮುಂದಿನವು 98304, 163840 ಎಂಬಂತೆ ಸಿಗುತ್ತವೆ. ನಮ್ಮ ಪ್ರಕರಣದಲ್ಲಿ ಇವುಗಳ ಅವಶ್ಯಕತೆ ಬೀಳಲಿಲ್ಲ. ಆದರೂ ಸೂಪರ್‌ಬ್ಲಾಕ್ ಕೆಟ್ಟಿದೆಯೆಂದು ಯಂತ್ರವು ಹೇಳಿದರೆ ಎದೆಗುಂದದೆ, ಆಜ್ಞೆಯೊಡನೆ 'ಬಿ' ಎಂಬ ಅಕ್ಷರವನ್ನೂ ಈ ಸಂಖ್ಯೆಯನ್ನೂ ಕೊಟ್ಟು ಪ್ರತಿಯಿಂದ ಕೆಲಸ ನಡೆಸಬಹುದೆಂಬುದು ನೆನಪಿರಲಿ.

ಈಗ ವಿದ್ಯುತ್ತು ಹೋದರೆ ಆಗುವುದೇನು ಎಂಬುದನ್ನು ನೋಡಬಹುದು. ಹೊಸ ಹುಡುಗನೊಬ್ಬನನ್ನು ಸೇರಿಸಿಕೊಳ್ಳಬೇಕಾದರೆ ರಿಜಿಸ್ಟರಿನಲ್ಲಿ ನಮೂದು, ಹಾಜರಿ ಪುಸ್ತಕದಲ್ಲಿ ಹೆಸರು, ಖಾಲಿ ಮಂಚಗಳ ಪಟ್ಟಿಯಲ್ಲಿ ಒಂದು ಗೆರೆ ಹೊಡೆಯುವುದು, ಹೀಗೆ ಮೂರು ಕಡೆ ಬರೆಯಬೇಕು. ಯಂತ್ರವಾದರೋ ವೇಗಕ್ಕಾಗಿ ಇವನ್ನು ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಅನುಕೂಲವಾದಾಗ ಡಿಸ್ಕಿಗೆ ಬರೆಯುತ್ತದೆ. ಎರಡು ಕಡೆ ಬರೆದು ಮೂರನೆಯ ಕಡೆ ಬರೆಯುವಷ್ಟರಲ್ಲಿ ದೀಪ ಹೋದರೆ ಪುಸ್ತಕಗಳು ಪರಸ್ಪರ ತಾಳೆಯಾಗುವುದಿಲ್ಲ. ಹಾಜರಿಯಲ್ಲಿ ಹೆಸರಿದೆ, ರಿಜಿಸ್ಟರಿನಲ್ಲಿ ಆ ಸಂಖ್ಯೆಯೇ ಇಲ್ಲ. ಅಥವಾ ಹುಡುಗ ಮಂಚದಲ್ಲಿ ಮಲಗಿದ್ದಾನೆ, ಯಾವ ತರಗತಿಯ ಹಾಜರಿಯಲ್ಲಿಯೂ ಅವನಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಒಂದೇ ಮಂಚ ಇಬ್ಬರ ಹೆಸರಿನಲ್ಲಿ ಬರೆದಿರುವುದು. ಒಬ್ಬನು ಹೊರಳಿದರೆ ಇನ್ನೊಬ್ಬನು ಕೆಳಗೆ.

ಇಂಥ ತಾಳೆ ನೋಡುವ ಸಲಕರಣೆಗಳು ಯುನಿಕ್ಸಿನ ಬಾಲ್ಯದಿಂದಲೂ ಇವೆ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸಿಗೆ ಅಡಿಗಲ್ಲಿಟ್ಟರು. ಆರಂಭದಲ್ಲಿ ಐಚೆಕ್, ಡಿಚೆಕ್ ಎಂಬ ಬಿಡಿಬಿಡಿ ಸಲಕರಣೆಗಳು ಇದ್ದು, ಒಂದು ರಿಜಿಸ್ಟರನ್ನೂ ಇನ್ನೊಂದು ಹಾಜರಿಯನ್ನೂ ನೋಡುತ್ತಿದ್ದವು. ಕಂಡ ದೋಷವನ್ನು ಸರಿಪಡಿಸುವ ಹೊಣೆ ಬಹುಮಟ್ಟಿಗೆ ಮನುಷ್ಯನದೇ ಆಗಿದ್ದಿತು. ಅವೆಲ್ಲವನ್ನೂ ಒಂದುಗೂಡಿಸಿ, ಪ್ರಶ್ನೆ ಕೇಳಿ ತಿದ್ದುಪಡಿ ಮಾಡುವ ಎಫ್‌ಎಸ್‌ಸಿಕೆಯನ್ನು ಬರೆದವರು ಅದೇ ಪ್ರಯೋಗಾಲಯದ ಟೆಡ್ ಕೋವಾಲ್ಸ್ಕಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮಾರ್ಷಲ್ ಕರ್ಕ್ ಮೆಕ್ಯೂಸಿಕ್ ಅದನ್ನು ತಮ್ಮ ಹೊಸ ಕಡತ ವ್ಯವಸ್ಥೆಗೆ ಹೊಂದಿಸಿದರು. ಲಿನಕ್ಸಿನಲ್ಲಿ ಇಂದು ನಾವು ಬಳಸುವ ಇ2ಎಫ್‌ಎಸ್‌ಸಿಕೆ ಥಿಯೊಡೋರ್ ಚೋ ಅವರ ಕೃತಿ. ಮೈಕ್ರೋಸಾಫ್ಟ್ ಪರಂಪರೆಯ ಚೆಕ್‌ಡಿಸ್ಕ್, ಅಂದರೆ ಸಿಎಚ್‌ಕೆಡಿಎಸ್‌ಕೆ, 1980ರಲ್ಲಿ ಟಿಮ್ ಪ್ಯಾಟರ್ಸನ್ ಅವರ 86-ಡಾಸ್‌ನೊಡನೆ ಬಂದಿತು. ನಲವತ್ತು ವರ್ಷಗಳಾಚೆಗೂ ಈ ಎರಡು ಹೆಸರುಗಳು ಬದಲಾಗದೆ ಉಳಿದಿರುವುದು, ವರ್ಷಕ್ಕೊಮ್ಮೆ ಎಲ್ಲವೂ ಬದಲಾಗುವ ಈ ವಿದ್ಯೆಯಲ್ಲಿ ಗಮನಾರ್ಹ.

ದಕ್ಷಿಣ ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. ಇನ್ಫೋಸಿಸ್ ಸಂಸ್ಥೆಯು 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದಾಗ ಕಾಲೂರಿದ್ದು ನಮ್ಮ ಜಯನಗರದಲ್ಲಿಯೇ. ಆದರೆ ಅಧ್ಯಾಪಕರಾದ ನಮಗೆ ಹೆಚ್ಚು ಹತ್ತಿರದ ಕಥೆ ಇನ್ನೊಂದಿದೆ. ಬನಶಂಕರಿ 3ನೆಯ ಹಂತದಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ, ಜಯನಗರ 4ನೆಯ ಟಿ ಬ್ಲಾಕಿನ ಐಟಿ ಫಾರ್ ಚೇಂಜ್ ಎಂಬ ಸಂಸ್ಥೆಯೂ ಜೊತೆಗೂಡಿ, 2010ರ ದಶಕದಲ್ಲಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಅಧ್ಯಾಪಕರಿಗಾಗಿ ವಿಷಯ ಶಿಕ್ಷಕರ ವೇದಿಕೆಯೆಂಬ ಕಾರ್ಯಕ್ರಮವನ್ನು ನಡೆಸಿದವು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ದ್ವಿಭಾಷಾ ಸಂಗ್ರಹವೂ ಅದರಿಂದ ಬೆಳೆಯಿತು. ಆ ತರಬೇತಿಯಲ್ಲಿ ಬಳಸಿದ್ದು ಉಬುಂಟು ಎಂಬ ಮುಕ್ತ ತಂತ್ರಾಂಶವನ್ನು. ಬೆಲೆಯಿಲ್ಲ, ಪರವಾನಗಿಯ ಕಾಟವಿಲ್ಲ, ಕನ್ನಡ ಲಿಪಿ ಸಲೀಸು. ನಾನು ಆ ತರಬೇತಿಗೆ ಹೋದವನಲ್ಲ. ಹೋಗಿಬಂದ ಮಿತ್ರರೊಬ್ಬರು ಕೊಟ್ಟ ಡಿವಿಡಿಯಿಂದ ನನ್ನ ಯಂತ್ರಕ್ಕೂ ಉಬುಂಟು ಬಂದಿತು. ಗುರಪ್ಪನಪಾಳ್ಯದ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿಯೂ ಮುಕ್ತ ತಂತ್ರಾಂಶದ ಸ್ವಯಂಸೇವಕರು ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವನ್ನು ಕಟ್ಟಿ, ದಾನವಾಗಿ ಬಂದ ಹಳೆಯ ಯಂತ್ರಗಳಲ್ಲಿ ಮಕ್ಕಳಿಗೆ ಕಲಿಸಿದ್ದರು. ದಾನದ ಹಳೆಯ ಯಂತ್ರ, ಹಳೆಯ ಡಿಸ್ಕು, ಮತ್ತೆ ಮತ್ತೆ ಹೋಗುವ ವಿದ್ಯುತ್ತು: ಈ ಮೂರೂ ಸೇರಿದಲ್ಲಿ ಎಫ್‌ಎಸ್‌ಸಿಕೆಯ ಪರಿಚಯ ತಾನಾಗಿ ಆಗುತ್ತದೆ.

ಮತ್ತೆ ನನ್ನ ಕಪ್ಪು ಪರದೆಗೆ ಬರೋಣ. ಆಜ್ಞೆಯ ಜೊತೆಗೆ 'ವೈ' ಎಂಬ ಅಕ್ಷರವನ್ನು ಸೇರಿಸಿದರೆ ಎಲ್ಲ ಪ್ರಶ್ನೆಗಳಿಗೂ ಹೌದೆಂದು ಅದೇ ಉತ್ತರಿಸಿಕೊಂಡು ಮುಗಿಸುತ್ತದೆಯೆಂದು ಎಲ್ಲಿಯೋ ಓದಿದ್ದೆನು. ಬೆರಳು ಅಲ್ಲಿಗೆ ಹೋಗಿತ್ತು. ಅಷ್ಟರಲ್ಲಿ, ಹದಿನೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದು ಈಗ ಬಿಟಿಎಂ ಬಡಾವಣೆಯಲ್ಲಿ ನೆಲೆಸಿರುವ ಶಿಷ್ಯನೊಬ್ಬನಿಗೆ ದೂರವಾಣಿ ಮಾಡೋಣವೆನಿಸಿತು. ಅವನು ಹೇಳಿದ ಮೊದಲ ಮಾತು, "ಸಾರ್, ಯಂತ್ರವನ್ನು ಆರಿಸಿಬಿಡಿ, ಏನನ್ನೂ ಮುಟ್ಟಬೇಡಿ." ಒಂದು ಕಾಲದಲ್ಲಿ ಆ ಮಾತನ್ನು ಅವನಿಗೆ ನಾನು ಪ್ರಯೋಗಶಾಲೆಯಲ್ಲಿ ದಿನವೂ ಹೇಳುತ್ತಿದ್ದೆನು.

ಅವನ ಆತಂಕದ ಕಾರಣ ಇದು. ವಿದ್ಯುತ್ತು ಹೋದ ಮಾತ್ರಕ್ಕೆ ಇಂದಿನ ಡಿಸ್ಕುಗಳು ಸಾಮಾನ್ಯವಾಗಿ ಇಷ್ಟು ಕೆಡುವುದಿಲ್ಲ. ಅಂಗಡಿಯ ಲೆಕ್ಕದಲ್ಲಿ ಕಿರ್ದಿ ಪುಸ್ತಕ ಬೇರೆ, ಖಾತೆ ಪುಸ್ತಕ ಬೇರೆ ಇರುವುದನ್ನು ಬಲ್ಲೆವಷ್ಟೆ. ಮೊದಲು ಕಿರ್ದಿಗೆ ಗೀಚಿಕೊಂಡು ಆಮೇಲೆ ಖಾತೆಗೆ ಏರಿಸುತ್ತಾರೆ. ನಡುವೆ ಏನಾದರೂ ಕಿರ್ದಿಯನ್ನು ನೋಡಿ ಖಾತೆಯನ್ನು ಪೂರ್ತಿ ಮಾಡಬಹುದು. 2001ರಲ್ಲಿ ಲಿನಕ್ಸಿಗೆ ಸೇರಿದ ಇಎಕ್ಸ್‌ಟಿ3 ವ್ಯವಸ್ಥೆಯಿಂದ ಮೊದಲ್ಗೊಂಡು ಇಂಥ ಕಿರ್ದಿ ಡಿಸ್ಕಿನಲ್ಲಿಯೇ ಇರುತ್ತದೆ. ಈಗಿನ ಇಎಕ್ಸ್‌ಟಿ4ರಲ್ಲಿಯೂ ಉಂಟು. ಆದಾಗ್ಯೂ ಯಂತ್ರವು ಕೈಯಾರೆ ನೋಡಿ ಎಂದು ಕೇಳಿಕೊಳ್ಳುತ್ತಿದೆಯೆಂದರೆ, ಕಾಗದವೇ ಹರಿದಿರುವ ಸಾಧ್ಯತೆಯುಂಟು, ಅಂದರೆ ಡಿಸ್ಕಿನ ಮೇಲ್ಮೈಯೇ ಸವೆದಿರಬಹುದು. ಅಂಥಲ್ಲಿ ಎಲ್ಲಕ್ಕೂ ಹೌದೆಂದರೆ, ಓದಲಾಗದ ಬ್ಲಾಕು ಸಿಕ್ಕಿದಾಗ ಎಫ್‌ಎಸ್‌ಸಿಕೆಯು ಅದರ ಮೇಲೆ ಹೊಸದಾಗಿ ಬರೆದುಬಿಡಲೇ ಎಂದು ಕೇಳುತ್ತದೆ, ಅದಕ್ಕೂ ಹೌದೇ ಉತ್ತರವಾಗುತ್ತದೆ. ಇನ್ನೊಮ್ಮೆ ತಾಳ್ಮೆಯಿಂದ ಓದಿದ್ದರೆ ಸಿಗಬಹುದಾಗಿದ್ದ ಅಕ್ಷರಗಳು ಅಲ್ಲಿಗೆ ತೀರಿದವು.

ಆ ರಾತ್ರಿಯೇ ಅವನು ಬಂದನು. ಪೆನ್ ಡ್ರೈವಿನಲ್ಲಿದ್ದ ಉಬುಂಟುವಿನಿಂದ ಯಂತ್ರವನ್ನು ಎಬ್ಬಿಸಿ, ಮೊದಲು ಸ್ಮಾರ್ಟ್ ಎಂಬ ಸ್ವಯಂಪರೀಕ್ಷೆಯ ವರದಿಯನ್ನು ಕೇಳಿದನು. ಓದಲು ಆಗದೆ ಕಾದಿರಿಸಿದ ಕೆಲವು ತುಣುಕುಗಳು ಇರುವುದಾಗಿ ಡಿಸ್ಕೇ ಒಪ್ಪಿಕೊಂಡಿತು. ಅವನ ಅನುಮಾನ ನಿಜವಾಯಿತು. ತಾನು ತಂದಿದ್ದ ಹೊಸ ಡಿಸ್ಕಿಗೆ ಹಳೆಯದರ ಸಂಪೂರ್ಣ ಪಡಿಯಚ್ಚನ್ನು ತೆಗೆಯಲು ಡಿಡಿರೆಸ್ಕ್ಯೂ ಎಂಬ ಇನ್ನೊಂದು ಆಜ್ಞೆಯನ್ನು ಕೊಟ್ಟನು. ಇದರ ನಡವಳಿಕೆ ಜಾಣ ಪರೀಕ್ಷಾರ್ಥಿಯದು: ಸುಲಭವಾಗಿ ಓದಬಹುದಾದುದನ್ನೆಲ್ಲ ಮೊದಲು ಮುಗಿಸಿ, ಕಷ್ಟದ ಪ್ರಶ್ನೆಗಳಿಗೆ ಗುರುತು ಹಾಕಿಟ್ಟು, ಕೊನೆಯಲ್ಲಿ ಅವುಗಳ ಬಳಿಗೆ ಮತ್ತೆ ಮತ್ತೆ ಹೋಗುತ್ತದೆ. ಎಷ್ಟು ಮುಗಿಯಿತೆಂದು ಪ್ರತ್ಯೇಕ ಕಡತದಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಂತರೂ ನಿಂತಲ್ಲಿಂದ ಮುಂದುವರಿಯುತ್ತದೆ. ಬೆಳಗಿನ ಜಾವದ ಹೊತ್ತಿಗೆ ಬೆರಳೆಣಿಕೆಯ ಬ್ಲಾಕುಗಳ ಹೊರತು ಎಲ್ಲವೂ ಬಂದವು. ಹಳೆಯ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆವು. ಮುಂದಿನ ಚಿಕಿತ್ಸೆಯೆಲ್ಲ ಪಡಿಯಚ್ಚಿನ ಮೇಲೆ.

ಇಲ್ಲಿ ಮೂರು ಮಾತುಗಳನ್ನು ಒತ್ತಿ ಹೇಳಬೇಕು. ಬಳಕೆಯಲ್ಲಿರುವ ಡಿಸ್ಕಿನ ಮೇಲೆ, ಅಂದರೆ ಜೋಡಿಸಿಕೊಂಡು ಕೆಲಸ ನಡೆಯುತ್ತಿರುವಾಗ, ಎಫ್‌ಎಸ್‌ಸಿಕೆಯನ್ನು ಎಂದೂ ನಡೆಸಕೂಡದು. ಗುಮಾಸ್ತರು ಬರೆಯುತ್ತಿರುವ ರಿಜಿಸ್ಟರನ್ನೇ ಲೆಕ್ಕಪರಿಶೋಧಕರು ತಿದ್ದತೊಡಗಿದರೆ ಆಗುವ ಗತಿಯೇ ಆಗುವುದು. ಎರಡನೆಯದಾಗಿ, ಮೊದಲ ಸುತ್ತಿನಲ್ಲಿ 'ಎನ್' ಎಂಬ ಅಕ್ಷರವನ್ನು ಸೇರಿಸತಕ್ಕದ್ದು. ಆಗ ಅದು ಯಾವುದನ್ನೂ ಬದಲಾಯಿಸದೆ, ಎಲ್ಲ ಪ್ರಶ್ನೆಗಳಿಗೂ ಇಲ್ಲವೆಂದುಕೊಂಡು, ದೋಷಗಳನ್ನು ಮಾತ್ರ ಓದಿ ಹೇಳುತ್ತದೆ. ವಿಂಡೋಸಿನ ಚೆಕ್‌ಡಿಸ್ಕೂ ಹಾಗೆಯೇ, ಏನನ್ನೂ ಸೇರಿಸದಿದ್ದರೆ ವರದಿ ಮಾತ್ರ, 'ಎಫ್' ಸೇರಿಸಿದರೆ ತಿದ್ದುಪಡಿ. ಮೂರನೆಯದಾಗಿ, ಆ ವರದಿಯನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಓದಬೇಕು. ನಮ್ಮದು ಹನ್ನೊಂದು ಪುಟಗಳಾಯಿತು.

ಇ2ಎಫ್‌ಎಸ್‌ಸಿಕೆಯು ಐದು ಸುತ್ತುಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದರಲ್ಲಿ ರಿಜಿಸ್ಟರಿನ ಪ್ರತಿಯೊಂದು ನಮೂದನ್ನೂ ಅದು ಹೇಳುವ ಮಂಚಗಳನ್ನೂ ನೋಡುತ್ತದೆ, ಒಂದೇ ಮಂಚಕ್ಕೆ ಇಬ್ಬರಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಬಹುಪಾಲು ಸಮಯ ಹಿಡಿಯುವುದೂ ಇದೇ. ಎರಡನೆಯದರಲ್ಲಿ ಹಾಜರಿ ಪುಸ್ತಕಗಳನ್ನು ಒಂದೊಂದಾಗಿ ತೆರೆದು, ಅಲ್ಲಿ ಬರೆದಿರುವ ಸಂಖ್ಯೆಗಳು ರಿಜಿಸ್ಟರಿನಲ್ಲಿ ನಿಜಕ್ಕೂ ಇವೆಯೇ ಎಂದು ತಾಳೆ ಹಾಕುತ್ತದೆ. ಮೂರನೆಯದರಲ್ಲಿ ಮುಖ್ಯೋಪಾಧ್ಯಾಯರ ಕೊಠಡಿಯಿಂದ ಪ್ರತಿಯೊಂದು ತರಗತಿಗೂ ದಾರಿಯಿದೆಯೇ ಎಂಬ ವಿಚಾರಣೆ. ನಾಲ್ಕನೆಯದರಲ್ಲಿ ಒಬ್ಬೊಬ್ಬನ ಹೆಸರು ಎಷ್ಟು ಹಾಜರಿಗಳಲ್ಲಿದೆಯೆಂಬ ಎಣಿಕೆ. ಶೂನ್ಯ ಬಂದರೆ ಅವನು ಅನಾಥ. ಐದನೆಯದರಲ್ಲಿ ಖಾಲಿ ಮಂಚಗಳ ಪಟ್ಟಿಯನ್ನು ಹೊಸದಾಗಿ ಲೆಕ್ಕ ಹಾಕಿ ಹಳೆಯದರೊಡನೆ ಹೋಲಿಸುತ್ತದೆ.

ಅನಾಥರನ್ನು ಅದು ಹೊರಗಟ್ಟುವುದಿಲ್ಲ. 'ಲಾಸ್ಟ್ ಅಂಡ್ ಫೌಂಡ್' ಎಂಬ ಡೈರೆಕ್ಟರಿಯೊಂದು ಪ್ರತಿಯೊಂದು ಡಿಸ್ಕಿನಲ್ಲಿಯೂ ಮೊದಲಿನಿಂದಲೇ ಖಾಲಿಯಾಗಿ ಕಾದಿರುತ್ತದೆ. ಜಾತ್ರೆಯಲ್ಲಿ ಕಳೆದುಹೋದ ಮಕ್ಕಳನ್ನು ಕೂರಿಸುವ ಚಪ್ಪರದಂತೆ. ಹೆಸರು ಇರುವುದು ಕಳೆದುಹೋದ ಹಾಜರಿಯಲ್ಲಾದುದರಿಂದ, ಇಲ್ಲಿಗೆ ಬಂದ ಕಡತಗಳಿಗೆ ಅವುಗಳ ದಾಖಲಾತಿ ಸಂಖ್ಯೆಯೇ ಹೆಸರು. ವಿಂಡೋಸಿನವರು ಇದೇ ಕೆಲಸಕ್ಕೆ 'ಫೌಂಡ್.000' ಎಂಬ ಡೈರೆಕ್ಟರಿಯನ್ನು ಮಾಡುತ್ತಾರೆ. ಕಚೇರಿಯ ಪೆನ್ ಡ್ರೈವುಗಳಲ್ಲಿ ಅದನ್ನು ಕಂಡು ವೈರಸ್ಸೆಂದು ಅಳಿಸಿದವರನ್ನು ನಾನು ಬಲ್ಲೆ. ದಯವಿಟ್ಟು ಅಳಿಸಬೇಡಿ. ಪೆನ್ ಡ್ರೈವನ್ನು ಹೇಳದೆ ಕೇಳದೆ ಕಿತ್ತುಕೊಂಡದ್ದರ ಫಲವದು, ಅದರೊಳಗೆ ನಿಮ್ಮದೇ ಪ್ರಶ್ನೆಪತ್ರಿಕೆ ಇರಬಹುದು.

ನಮ್ಮ ಡಿಸ್ಕಿಗೆ ಆಗಿದ್ದೇನೆಂದು ಹನ್ನೊಂದು ಪುಟಗಳಿಂದ ತಿಳಿದುಬಂದಿತು. ಓದಲಾಗದ ಬ್ಲಾಕುಗಳಲ್ಲಿ ಒಂದು ರಿಜಿಸ್ಟರಿನ ಹಾಳೆಯಾಗಿತ್ತು. ಒಂದು ಐನೋಡಿಗೆ 256 ಬೈಟುಗಳು, 4096ರ ಒಂದು ಬ್ಲಾಕಿನಲ್ಲಿ 16 ಐನೋಡುಗಳು. ಆ ಹದಿನಾರರಲ್ಲಿ ಒಂದು 'ಸ್ಮರಣ ಸಂಚಿಕೆ' ಎಂದು ನಾನು ಹೆಸರಿಟ್ಟಿದ್ದ ಡೈರೆಕ್ಟರಿಯದು, ಉಳಿದ ಹದಿನೈದು ಮೊದಲ ದಿನ ಅದರೊಳಗೆ ತುಂಬಿಸಿದ್ದ ಚಿತ್ರಗಳವು. ಡೈರೆಕ್ಟರಿಯ ನೆರೆಯಲ್ಲಿಯೇ ಅದರ ಕಡತಗಳಿಗೆ ಸಂಖ್ಯೆ ಕೊಡುವುದು ಈ ವ್ಯವಸ್ಥೆಯ ರೂಢಿ. ಎಂದಿನ ದಿನಗಳಲ್ಲಿ ಅದು ವೇಗಕ್ಕೆ ಒಳ್ಳೆಯದು, ನಮ್ಮ ದಿನ ಅದೇ ಮುಳುವಾಯಿತು. ಇಡೀ ಡಿಸ್ಕಿನಲ್ಲಿ ರಿಜಿಸ್ಟರಿಗೆಂದು ಮೀಸಲಾದ ಜಾಗ ನೂರಕ್ಕೆ ಎರಡರಷ್ಟೂ ಇಲ್ಲ. ಸವೆತವು ಹೋಗಿ ಹೋಗಿ ಅಲ್ಲಿಗೇ ಬೀಳಬೇಕೆ ಎಂದು ನಾನು ಹಲುಬಿದಾಗ ಶಿಷ್ಯನು, "ಸಂಭವನೀಯತೆಯನ್ನು ಕಲಿಸಿದವರು ತಾವೇ" ಎಂದನು.

ತಿದ್ದುಪಡಿಗೆ ಮುನ್ನ ಅವನು ಇನ್ನೊಂದು ಉಪಾಯ ಮಾಡಿದನು. ಡೈರೆಕ್ಟರಿಯ ನಮೂದು ಹೋಗಿದ್ದರೂ, ಹೆಸರು ಮತ್ತು ಸಂಖ್ಯೆಗಳನ್ನು ಬರೆದಿದ್ದ ಅದರ ಹಾಳೆಗಳು ಡಿಸ್ಕಿನಲ್ಲಿ ಎಲ್ಲಿಯೋ ಹಾಗೆಯೇ ಬಿದ್ದಿರಬೇಕಷ್ಟೆ. ನನಗೆ ನೆನಪಿದ್ದ ಒಂದು ಹೆಸರನ್ನು ಇಡೀ ಪಡಿಯಚ್ಚಿನಲ್ಲಿ ಹುಡುಕಿಸಿ ಆ ಹಾಳೆಗಳನ್ನು ಕಂಡುಹಿಡಿದನು. ಪ್ರಾಸಂಗಿಕವಾಗಿ ಕನ್ನಡಿಗರು ತಿಳಿದಿರಬೇಕಾದ ಸಂಗತಿಯೊಂದು ಇಲ್ಲಿ ಹೊರಬಿದ್ದಿತು. ಕಡತದ ಹೆಸರಿಗೆ ಈ ವ್ಯವಸ್ಥೆಯಲ್ಲಿ 255 ಬೈಟುಗಳ ಮಿತಿಯುಂಟು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು, ಯುನಿಕೋಡಿನ ಕನ್ನಡದ ಒಂದು ಚಿಹ್ನೆಗೆ ಮೂರು. ಒತ್ತು, ಕಾಗುಣಿತಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ 'ಲಕ್ಷ್ಮೀ' ಎಂಬ ಎರಡಕ್ಷರಕ್ಕೆ 21 ಬೈಟುಗಳು ಬೇಕು. ಒಟ್ಟು 85 ಚಿಹ್ನೆಗಳಿಗೆ ಮೇಲ್ಪಟ್ಟು ಹೆಸರು ಸಾಗದು. ಮೊದಲ ದಿನದ ಉತ್ಸಾಹದಲ್ಲಿ ಚಿತ್ರಗಳಿಗೆ ನಾನು ವಾಕ್ಯದುದ್ದದ ಹೆಸರುಗಳನ್ನು ಇಟ್ಟಿದ್ದೆನು. ಎರಡನೆಯ ದಿನದಿಂದ ಆಲಸ್ಯ. ಮೊಬೈಲು ತಾನೇ ಕೊಟ್ಟ ಅಂಕೆಗಳ ಹೆಸರನ್ನೇ ಹಾಗೆಯೇ ಉಳಿಸಿದ್ದೆನು. ಆದಕಾರಣ ಮರಳಿ ಸಿಕ್ಕಿದ ಹೆಸರುಗಳ ಪಟ್ಟಿಯಲ್ಲಿ ಅರ್ಥವುಳ್ಳವು ಆ ಹದಿನೈದೇ. ಅವೇ ಹದಿನೈದು ಚಿತ್ರಗಳು ಕಳೆದುಹೋಗಿದ್ದವು.

ಅನಂತರ ಪಡಿಯಚ್ಚಿನ ಮೇಲೆ ತಿದ್ದುಪಡಿಯ ಸುತ್ತನ್ನು ನಡೆಸಿದೆವು. ಒಂದೊಂದು ಪ್ರಶ್ನೆಯನ್ನೂ ಓದಿ ಹೌದೆನ್ನುತ್ತ ಹೋಗಿ, ಪ್ರಶ್ನೆಗಳ ಸ್ವರೂಪ ಒಂದೇ ಎಂದು ಖಚಿತವಾದ ಮೇಲೆ ಉಳಿದವಕ್ಕೆ ಒಟ್ಟಿಗೆ ಹೌದೆಂದೆವು. ಮುಗಿದಾಗ ಲಾಸ್ಟ್ ಅಂಡ್ ಫೌಂಡಿನಲ್ಲಿ ನೂರಾರು ಕಡತಗಳೂ ಹನ್ನೆರಡು ಡೈರೆಕ್ಟರಿಗಳೂ ಇದ್ದವು. ಇಸವಿವಾರು ಮಾಡಿದ್ದ ಆ ಹನ್ನೆರಡು ಡೈರೆಕ್ಟರಿಗಳು ತಮ್ಮ ಹೆಸರನ್ನು ಮಾತ್ರ ಕಳೆದುಕೊಂಡು, ಒಳಗಿನದೆಲ್ಲವನ್ನೂ ಕ್ರಮವಾಗಿ ಉಳಿಸಿಕೊಂಡಿದ್ದವು. ಮೂರು ಸಾವಿರ ಚಿತ್ರಗಳಲ್ಲಿ ಹೆಚ್ಚಿನವು ಹೀಗೆ ಅರ್ಧ ಗಂಟೆಯಲ್ಲಿ ಮರಳಿ ಬಂದವು. ನನ್ನ ಕಣ್ಣು ಮಂಜಾಯಿತೆಂದು ಹೇಳಿದರೆ ಓದುಗರು ನಗಬಾರದು.

ಹದಿನೈದರ ಕಥೆ ಬೇರೆ. ಅವುಗಳ ಮಂಚಗಳ ವಿವರವೇ ಹೋಗಿದ್ದುದರಿಂದ ಎಫ್‌ಎಸ್‌ಸಿಕೆಯು ಅವನ್ನು ಇಲ್ಲದವೆಂದು ಪರಿಗಣಿಸಿ, ಅವು ಮಲಗಿದ್ದ ಜಾಗವನ್ನು ಖಾಲಿಯೆಂದು ಬರೆದುಕೊಂಡಿತು. ಅದರ ದೃಷ್ಟಿಯಿಂದ ಇದು ಸರಿಯೇ. ದಫ್ತರವನ್ನು ಸಮಂಜಸಗೊಳಿಸುವುದು ಅದರ ಕಾರ್ಯ, ಕಳೆದುದನ್ನು ತಂದುಕೊಡುವುದಲ್ಲ. ಆದರೆ ಖಾಲಿಯೆಂದು ಬರೆದ ಮಾತ್ರಕ್ಕೆ ಮಂಚದಲ್ಲಿ ಮಲಗಿದವನು ಎದ್ದುಹೋಗುವುದಿಲ್ಲ, ಇನ್ನೊಬ್ಬನು ಬರುವವರೆಗೆ ಅಲ್ಲಿಯೇ ಇರುತ್ತಾನೆ. ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದ ಫೋಟೋರೆಕ್ ಎಂಬ ಸಲಕರಣೆ ದಫ್ತರವನ್ನು ನೋಡುವುದೇ ಇಲ್ಲ, ಖಾಲಿ ಮಂಚಗಳ ನಡುವೆ ಲಾಟೀನು ಹಿಡಿದು ನಡೆಯುತ್ತ ಮುಖ ನೋಡಿ ಗುರುತಿಸುತ್ತದೆ. ಪ್ರತಿಯೊಂದು ಜೆಪೆಗ್ ಚಿತ್ರವೂ ಒಂದೇ ಬಗೆಯ ಬೈಟುಗಳಿಂದ ಆರಂಭವಾಗುವುದು ಅದಕ್ಕೆ ಆಧಾರ. ಅದು ಹನ್ನೊಂದನ್ನು ಇಡಿಯಾಗಿ ತಂದಿತು. ನಾಲ್ಕು ಸಿಗಲಿಲ್ಲ.

ಅಂಕೆಯ ಹೆಸರಿನ ನೂರಾರು ಚಿತ್ರಗಳಿಗೆ ಹೆಸರು ಕೊಡುವ ಕೆಲಸ ಯಾವ ಆಜ್ಞೆಯಿಂದಲೂ ಆಗತಕ್ಕದ್ದಲ್ಲ. ಚಿತ್ರ ತೆಗೆದ ದಿನ, ಗಂಟೆಗಳನ್ನು ಮೊಬೈಲು ಚಿತ್ರದೊಳಗೇ ಬರೆದಿದ್ದುದರಿಂದ ಯಾರ ಮನೆಯಲ್ಲಿ ನಕಲು ಮಾಡಿದ್ದೆಂಬುದು ತಿಳಿಯಿತು. ಮಿಕ್ಕಿದ್ದಕ್ಕೆ, ನಾಲ್ಕು ಭಾನುವಾರ ಹಳೆಯ ವಿದ್ಯಾರ್ಥಿಗಳು ನಮ್ಮ ಮನೆಯ ಪಡಸಾಲೆಯಲ್ಲಿ ಸೇರಿದರು. ಐವತ್ತು ವರ್ಷಗಳ ಹಿಂದಿನ ಸಾಲಿನಲ್ಲಿ ನಿಂತ ಹುಡುಗರನ್ನು ಎಪ್ಪತ್ತರ ಸಮೀಪದವರು ಕಿವಿಯ ಆಕಾರದಿಂದ, ಅಣ್ಣನ ಅಂಗಿಯಿಂದ ಗುರುತಿಸಿದರು. ಈ ಸಂಪುಟದ ಚಿತ್ರಗಳ ಅಡಿಬರಹಗಳು ಅವರವು.

ದಾನಿಗಳಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ಒಂದೆರಡು ವಿಜ್ಞಾಪನೆ. ಈಗ ಬರುತ್ತಿರುವ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕುಗಳಲ್ಲಿ ಈ ಕೊನೆಯ ಉಪಾಯ ಬಹುಮಟ್ಟಿಗೆ ನಡೆಯದು, ಏಕೆಂದರೆ ಖಾಲಿಯೆಂದು ಗುರುತಾದ ಮಂಚಗಳನ್ನು ಅವು ತಾವಾಗಿಯೇ ಗುಡಿಸಿ ಒರಸಿಬಿಡುತ್ತವೆ. ಆದುದರಿಂದ ಶಾಲೆಯ ಕಡತಗಳಿಗೆ ಎರಡನೆಯ ಪ್ರತಿಯಿರಲಿ, ಅದು ಅದೇ ಕೊಠಡಿಯಲ್ಲಿ ಇರದಿರಲಿ. ಈಗ ನಮ್ಮ ಒಂದು ಪ್ರತಿ ಶಾಲೆಯಲ್ಲಿದೆ, ಇನ್ನೊಂದು ಪ್ರತಿ ಶಿಷ್ಯನ ಮನೆಯಲ್ಲಿ, ತಿಂಗಳಿಗೊಮ್ಮೆ ತಾಳೆ ನೋಡುತ್ತೇವೆ. ಹೊಸ ಯಂತ್ರವನ್ನು ದಾನ ಮಾಡುವ ಮಹನೀಯರು ಅದರೊಡನೆ ಯುಪಿಎಸ್ ಒಂದನ್ನೂ ಪ್ರತಿ ಇಡುವ ಡಿಸ್ಕೊಂದನ್ನೂ ಕೊಟ್ಟರೆ, ಯಂತ್ರದ ಮೇಲೆ ಅಂಟಿಸುವ ಹೆಸರಿನ ಫಲಕಕ್ಕಿಂತ ಅದು ಬಹುಕಾಲ ನೆನಪಿನಲ್ಲುಳಿಯುತ್ತದೆ. ನಮ್ಮ ಮನೆಯ ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ.

ಸಿಗದೆ ಹೋದ ನಾಲ್ಕು ಚಿತ್ರಗಳ ಹೆಸರುಗಳು ಮಾತ್ರ ನಮ್ಮಲ್ಲಿ ಉಳಿದಿವೆ: 'ವಿದ್ಯಾರ್ಥಿನಿಲಯದ ಅಡುಗೆಮನೆಯ ಸಿಬ್ಬಂದಿ, 1976', 'ಹತ್ತನೆಯ ತರಗತಿಯ ಬೀಳ್ಕೊಡುಗೆ, 1979', 'ವಾರ್ಷಿಕೋತ್ಸವದ ನಾಟಕ ತಂಡ ವೇಷಸಹಿತ, 1982', 'ಹಿತ್ತಲ ಬಾವಿಯ ಬಳಿ ಮೂವರು ಹುಡುಗರು, ಇಸವಿ ತಿಳಿಯದು'. ಇವನ್ನು ನನಗೆ ಕೊಟ್ಟಿದ್ದ ಹಿರಿಯರು 2023ರಲ್ಲಿ ತೀರಿಕೊಂಡರು. ಮೂಲಪ್ರತಿಗಳು ಅವರ ಮನೆಯವರಿಗೆ ದೊರೆತಿಲ್ಲ. ಇವುಗಳ ಪ್ರತಿ ಯಾರಲ್ಲಿಯಾದರೂ ಇದ್ದಲ್ಲಿ ಶಾಲೆಯ ಕಚೇರಿಗೆ ತಲುಪಿಸಬೇಕಾಗಿ ಪ್ರಾರ್ಥನೆ. ನಕಲು ಮಾಡಿಕೊಂಡು ಅಂದೇ ಹಿಂದಿರುಗಿಸಲಾಗುವುದು.